ಬೇಗ ಬೆಳೆದ ಹುಡುಗ: ಆಟದ ಭವಿಷ್ಯ ಕೇಳಲು ಬಂದ ಕುಟುಂಬವೊಂದರ ಪ್ರಕರಣ

ಬಳ್ಳಾರಿಯಲ್ಲಿ ಆಪ್ತಸಲಹೆ ನೀಡುವ ನನ್ನ ಬಳಿಗೆ ಪರೀಕ್ಷೆಯ ಭಯ, ಮೊಬೈಲ್ ಗೀಳು, ಮನೆಯ ಮನಸ್ತಾಪಗಳ ಜೊತೆಗೆ ಈಚಿನ ವರ್ಷಗಳಲ್ಲಿ ಇನ್ನೊಂದು ಪ್ರಶ್ನೆಯೂ ತಪ್ಪದೆ ಬರುತ್ತಿದೆ: "ನಮ್ಮ ಹುಡುಗ ಆಟದಲ್ಲಿ ಮುಂದೆ ಬರ್ತಾನಾ, ಇಲ್ಲ ಈಗಲೇ ಬಿಡಿಸಿ ಓದಿಗೆ ಹಚ್ಚೋದಾ?" 2018ರಲ್ಲಿ ತೋರಣಗಲ್ಲಿನ ಬಳಿ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಆರಂಭವಾದ ಮೇಲೆ ಕುಸ್ತಿ, ಬಾಕ್ಸಿಂಗ್, ಅಥ್ಲೆಟಿಕ್ಸ್ ಕೂಡ ಬದುಕಿನ ದಾರಿಯಾಗಬಹುದೆಂಬುದು ಈ ಭಾಗದ ತಂದೆತಾಯಿಯರ ಕಣ್ಣಿಗೆ ಬಿದ್ದಿದೆ; ಕ್ರಿಕೆಟ್ಟಿನ ಆಸೆಯಂತೂ ಮೊದಲಿನಿಂದಲೂ ಇದ್ದದ್ದೇ. ಇಲ್ಲಿ ಬರೆಯುತ್ತಿರುವ ಪ್ರಕರಣದ ಆಟ ಮಾತ್ರ ನಮ್ಮ ಬಿಸಿಲಿಗೆ ದೂರವಾದ ಐಸ್ ಹಾಕಿ. ಎಳೆಯ ಆಟಗಾರರನ್ನು ಆರಿಸುವಾಗ ದೊಡ್ಡವರ ಕಣ್ಣು ಎಲ್ಲಿ ಮೋಸಹೋಗುತ್ತದೆ ಎಂಬುದನ್ನು ಬಹಳ ಹಿಂದೆಯೇ ಲೆಕ್ಕಹಾಕಿ ನೋಡಿದ್ದು ಆ ಆಟದಲ್ಲಿ ಎಂಬ ಕಾರಣಕ್ಕೆ ಇದನ್ನು ಆರಿಸಿಕೊಂಡಿದ್ದೇನೆ. ಕುಟುಂಬದ ಒಪ್ಪಿಗೆ ಪಡೆದಿದ್ದೇನೆ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ತಂದೆ ಬಳ್ಳಾರಿಯಲ್ಲೇ ಹುಟ್ಟಿ ಬೆಳೆದು, ಕೆಲಸಕ್ಕಾಗಿ ಕೆನಡಾದ ಒಂಟಾರಿಯೊ ಪ್ರಾಂತ್ಯಕ್ಕೆ ಹೋಗಿ ನೆಲೆಸಿದವರು. ಒಬ್ಬನೇ ಮಗ, ವಯಸ್ಸು 15, ಹುಟ್ಟಿದ್ದು ಜನವರಿಯಲ್ಲಿ. ಎರಡು ವರ್ಷಕ್ಕೊಮ್ಮೆ ಅಲ್ಲಿನ ಬೇಸಿಗೆ ರಜೆಯಲ್ಲಿ, ಅಂದರೆ ನಮ್ಮ ಆಷಾಢ ಶ್ರಾವಣಗಳ ಸುಮಾರಿಗೆ, ಅಜ್ಜಿಯ ಮನೆಗೆ ಬಂದು ಹೋಗುತ್ತಾರೆ. ಹುಡುಗ ಡಿಫೆನ್ಸ್, ಅಂದರೆ ಹಿಂಪಡೆಯ, ಆಟಗಾರ. 13ನೆಯ ವಯಸ್ಸಿಗೆ ತನ್ನ ತಂಡದಲ್ಲಿ ಎಲ್ಲರಿಗಿಂತ ಎತ್ತರ, ಎಲ್ಲರಿಗಿಂತ ಗಟ್ಟಿ. ಕೆನಡಾದಲ್ಲಿ ಎದುರಾಳಿಗೆ ಮೈಯಿಂದ ಡಿಕ್ಕಿ ಕೊಡುವ ಆಟಕ್ಕೆ, ಅವರು ಬಾಡಿ ಚೆಕಿಂಗ್ ಎನ್ನುವುದಕ್ಕೆ, ಅನುಮತಿ ಸಿಗುವುದು ಸರಿಸುಮಾರು ಅದೇ ವಯಸ್ಸಿನಲ್ಲಿ. ಆ ವರ್ಷ ಇವನೆದುರು ನಿಲ್ಲುವವರೇ ಇರಲಿಲ್ಲವಂತೆ. ಕೋಚ್ ಒಬ್ಬರು, ಹಣ ಪಡೆದು ಸಲಹೆ ಕೊಡುವ ಇನ್ನೊಬ್ಬರು, ಇವನು ವೃತ್ತಿಪರ ಆಟಗಾರನಾಗುವುದು ಖಂಡಿತ ಎಂದು ಹೇಳಿದ್ದು ಆಗಲೇ. 15ಕ್ಕೆ ಬರುವಷ್ಟರಲ್ಲಿ ಚಿತ್ರ ಬದಲಾಗಿತ್ತು. ಆಡಲು ಸಿಗುವ ನಿಮಿಷಗಳು ಕಡಿಮೆಯಾದವು, ರಿಂಕಿನ, ಅಂದರೆ ಮಂಜುಗಡ್ಡೆಯ ಅಂಗಳದ, ಮೂಲೆಗಳಲ್ಲಿ ಪಕ್ (ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ) ಕಳೆದುಕೊಳ್ಳುವುದು ಹೆಚ್ಚಾಯಿತು, ಡಿಕ್ಕಿ ಬರುವ ಕಡೆಯಿಂದ ಹುಡುಗ ಸರಿದುಕೊಳ್ಳತೊಡಗಿದ.

ತಂದೆಯವರ ಬೇಡಿಕೆ ಸ್ಪಷ್ಟವಾಗಿತ್ತು. ಮಗನ ಧೈರ್ಯ ಹೋಗಿದೆ, ಅದನ್ನು ಮರಳಿ ತುಂಬಬೇಕು. ಮುಂದಿನ ಸೀಸನ್ ಮುಗಿದ ಮೇಲೆ ಒಂಟಾರಿಯೊ ಹಾಕಿ ಲೀಗ್ ಎಂಬ ಜೂನಿಯರ್ ಲೀಗಿನ ತಂಡಗಳು ಈ ವಯಸ್ಸಿನವರನ್ನು ಆರಿಸಿಕೊಳ್ಳುತ್ತವೆ. ಅಲ್ಲಿಂದ 18ಕ್ಕೆ, ಉತ್ತರ ಅಮೆರಿಕದ ಅತಿದೊಡ್ಡ ವೃತ್ತಿಪರ ಐಸ್ ಹಾಕಿ ಲೀಗಿನ ತಂಡಗಳು ಎಳೆಯ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಎನ್‌ಎಚ್‌ಎಲ್ ಡ್ರಾಫ್ಟ್. ಆದ್ದರಿಂದ ಉಳಿದಿರುವುದು ಒಂದೇ ವರ್ಷ, ಅಷ್ಟರೊಳಗೆ ಹುಡುಗನನ್ನು ಬೇರೆ ಪ್ರಾಂತ್ಯದ ಹಾಕಿ ವಸತಿಶಾಲೆಗೆ ಸೇರಿಸಬೇಕು, ಅದರ ಶುಲ್ಕಕ್ಕೆ ಹೊಸಪೇಟೆ ರಸ್ತೆಯಲ್ಲಿ ತಮ್ಮ ಪಾಲಿಗೆ ಬಂದಿರುವ ನಿವೇಶನವನ್ನು ಈ ರಜೆಯಲ್ಲೇ ಮಾರಬೇಕು ಎಂಬುದು ಅವರ ಲೆಕ್ಕ. ದಪ್ಪನೆಯ ಫೈಲೊಂದನ್ನು ತಂದಿದ್ದರು. ಪಂದ್ಯಗಳು, ಗೋಲುಗಳು, ಪಾಸುಗಳು, ಸ್ಕೇಟಿಂಗ್ ಸಮಯ ಎಲ್ಲವೂ ಅದರಲ್ಲಿತ್ತು. 1998ರ ಡ್ರಾಫ್ಟಿನಲ್ಲಿ 7ನೆಯವನಾಗಿ ಆಯ್ಕೆಯಾದ ಭಾರತೀಯ ಮೂಲದ ಮ್ಯಾನಿ ಮಲ್ಹೋತ್ರಾನ ಫೋಟೊ ಕೂಡ ಇತ್ತು. ಇಷ್ಟು ಶ್ರದ್ಧೆಯಿಂದ ಮಗನ ಬೆನ್ನಿಗೆ ನಿಂತ ತಂದೆಯನ್ನು ಹಗುರವಾಗಿ ಕಾಣುವ ಮನಸ್ಸು ನನಗಿಲ್ಲ. ನಮ್ಮ ಕಡೆ ಆಟಕ್ಕೆ ಬೂಟು ಕೇಳಿದರೆ ಸಿಡುಕುವ ತಂದೆಯರನ್ನೂ ದಿನನಿತ್ಯ ನೋಡುತ್ತೇನೆ.

ಎಲ್ಲವೂ ತಿರುಗಿದ್ದು ಎರಡನೆಯ ಭೇಟಿಯಲ್ಲಿ. ಮೊದಲು ಹುಡುಗನೊಬ್ಬನೊಡನೆ ಮಾತನಾಡಿದೆ. ಮನೆಯ ಕನ್ನಡ, ಶಾಲೆಯ ಇಂಗ್ಲಿಷ್ ಬೆರೆಸಿ ಅವನು ತಡೆತಡೆದು ಹೇಳಿದ್ದರಲ್ಲಿ ಒಂದು ವಾಕ್ಯವನ್ನು ಬರೆದಿಟ್ಟುಕೊಂಡೆ: "ಮೊದಲು ನನಗೆ ಗುದ್ದಿದವರೇ ಬೀಳ್ತಿದ್ರು, ಈಗ ಯಾರೂ ಬೀಳಲ್ಲ." ಅವನ ಒಪ್ಪಿಗೆ ಕೇಳಿ, ಎಲ್ಲರೂ ಒಳಗೆ ಬಂದ ಮೇಲೆ ಈ ಮಾತನ್ನು ಅವನಿಂದಲೇ ಹೇಳಿಸಿದೆ. ತಂದೆ ತಕ್ಷಣ, "ನೋಡಿ ಮೇಡಂ, ನಾನು ಹೇಳಿದ್ದು ಇದೇ. ಹೆದರಿಕೆ ಹೊಕ್ಕಿದೆ" ಎಂದರು. ಆವತ್ತು ಅಜ್ಜಿಯೂ ಜೊತೆಗಿದ್ದರು. ಇಲ್ಲಿ ಮುಗಿಸಿಕೊಂಡು ಎಲ್ಲರೂ ಕನಕದುರ್ಗಮ್ಮನ ಗುಡಿಗೆ ಹೋಗುವುದೆಂದು ಮಾತಾಗಿದ್ದರಿಂದ ಬಂದಿದ್ದರಷ್ಟೆ. ಅದುವರೆಗೆ ಸುಮ್ಮನೆ ಕುಳಿತಿದ್ದವರು ಮಗನ ಕಡೆ ತಿರುಗಿ ಹೇಳಿದರು: "ಹೆದರಿಕೆ ಅಲ್ಲಪ್ಪ ಅದು. ಇವನು ಬೆಳೆಯೋದೆಲ್ಲ ಬೆಳೆದುಬಿಟ್ಟಾನೆ, ಉಳಿದ ಹುಡುಗರು ಈಗ ಬೆಳೀತಾ ಅದಾರೆ. ಬಾಗಿಲಿಗೆ ಹಾಕಿದ ಗೆರೆ ನೋಡಿಲ್ಲೇನು ನೀನು?"

ಆ ಗೆರೆಗಳ ಫೋಟೊ ತಾಯಿಯ ಮೊಬೈಲಿನಲ್ಲಿತ್ತು. ಅಡುಗೆಮನೆಯ ಹಸಿರು ಬಣ್ಣದ ಬಾಗಿಲ ಚೌಕಟ್ಟಿನ ಮೇಲೆ, ಪ್ರತಿ ಸಲ ರಜೆಗೆ ಬಂದಾಗ ಅಜ್ಜಿ ಇಬ್ಬರು ಮೊಮ್ಮಕ್ಕಳನ್ನು ಬೆನ್ನು ಹಚ್ಚಿ ನಿಲ್ಲಿಸಿ ಸೀಸದಕಡ್ಡಿಯಲ್ಲಿ ಗೆರೆ ಎಳೆದಿದ್ದರು. ಒಂದು ಈ ಹುಡುಗನದು, ಇನ್ನೊಂದು ಅದೇ ವರ್ಷದ ಅಕ್ಟೋಬರಿನಲ್ಲಿ ಹುಟ್ಟಿ ಬಳ್ಳಾರಿಯಲ್ಲೇ ಬೆಳೆಯುತ್ತಿರುವ ಚಿಕ್ಕಪ್ಪನ ಮಗನದು. 13ರ ವರ್ಷದ ಗೆರೆಗಳ ನಡುವೆ ಹೆಚ್ಚುಕಡಿಮೆ ಒಂದು ಗೇಣು ಅಂತರ. ಈ ವರ್ಷ ಎಳೆದ ಗೆರೆಗಳು ಒಂದನ್ನೊಂದು ಮುಟ್ಟುವಂತಿದ್ದವು. ನಮ್ಮ ಹುಡುಗನ ಹೊಸ ಗೆರೆ ಹಳೆಯದಕ್ಕಿಂತ ಒಂದು ಬೆರಳಿನಷ್ಟು ಮಾತ್ರ ಮೇಲಿತ್ತು. ತಮ್ಮನದು ಅಷ್ಟೂ ಅಂತರವನ್ನು ಎರಡು ವರ್ಷದಲ್ಲಿ ಏರಿ ಬಂದಿತ್ತು. ಫೈಲಿನ ಇಷ್ಟೊಂದು ಅಂಕಿಗಳಲ್ಲಿ ಇದೊಂದು ಇರಲಿಲ್ಲ.

ಗಂಡುಮಕ್ಕಳು ಅತಿ ವೇಗವಾಗಿ ಎತ್ತರವಾಗುವುದು ಸರಾಸರಿ 14ರ ಆಸುಪಾಸಿನಲ್ಲಿ. ಕೆಲವರಿಗೆ ಅದು 12ಕ್ಕೇ ಆಗಿಹೋಗುತ್ತದೆ, ಕೆಲವರಿಗೆ 16 ಹತ್ತಿರವಾದರೂ ಮುಗಿದಿರುವುದಿಲ್ಲ. ಅಂದರೆ ಒಂದೇ ತರಗತಿಯ, ಒಂದೇ ತಂಡದ ಇಬ್ಬರು ಹುಡುಗರ ನಡುವೆ ಮೈಯ ವಯಸ್ಸಿನಲ್ಲಿ ಮೂರ್ನಾಲ್ಕು ವರ್ಷಗಳ ವ್ಯತ್ಯಾಸವಿರುವುದು ಅಪರೂಪವೇನಲ್ಲ. ತಂದೆತಾಯಿಯ ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಕೂಡಿಸಿ, ಗಂಡುಮಗುವಾದರೆ 13 ಸೇರಿಸಿ, ಎರಡರಿಂದ ಭಾಗಿಸಿ ಮಗುವಿನ ಮುಂದಿನ ಎತ್ತರವನ್ನು ಅಂದಾಜಿಸುವ ಕ್ರಮವೊಂದನ್ನು ಮಕ್ಕಳ ವೈದ್ಯರು ಬಳಸುತ್ತಾರೆ. ಇವರ ಮನೆಯ ಲೆಕ್ಕ 170ರಿಂದ 171ಕ್ಕೆ ಬಂತು. ಹುಡುಗ ಆಗಲೇ 173 ಇದ್ದಾನೆ. ಈ ಲೆಕ್ಕ ಎಂಟು ಹತ್ತು ಸೆಂಟಿಮೀಟರ್ ಆಚೀಚೆ ಆಗಬಹುದಾದ ಸ್ಥೂಲ ಅಂದಾಜೆಂದು ಹೇಳಿಯೇ ತೋರಿಸಿದೆ.

ಇದಕ್ಕೆ ಕ್ಯಾಲೆಂಡರಿನ ಪಾಲೂ ಸೇರಿದೆ. ಕೆನಡಾದ ಹಾಕಿಯಲ್ಲಿ ಮಕ್ಕಳ ವಯೋಗುಂಪನ್ನು ಜನವರಿ 1ರಿಂದ ಎಣಿಸುತ್ತಾರೆ. ಜನವರಿಯಲ್ಲಿ ಹುಟ್ಟಿದವನೂ ಡಿಸೆಂಬರಿನಲ್ಲಿ ಹುಟ್ಟಿದವನೂ ಒಂದೇ ಗುಂಪು. ಒಳ್ಳೆಯ ತಂಡಗಳಲ್ಲಿ ವರ್ಷದ ಮೊದಲ ತಿಂಗಳುಗಳ ಮಕ್ಕಳೇ ತುಂಬಿರುವುದನ್ನು ರೋಜರ್ ಬಾರ್ನ್ಸ್‌ಲಿ ಎಂಬ ಕೆನಡಾದ ಮನಶ್ಶಾಸ್ತ್ರಜ್ಞ 1980ರ ದಶಕದಲ್ಲಿ ಅಂಕಿಗಳೊಂದಿಗೆ ತೋರಿಸಿದರು. ಪಂದ್ಯಕ್ಕೆ ಹೋದಾಗ ಆಟಗಾರರ ಪಟ್ಟಿಯಲ್ಲಿನ ಹುಟ್ಟಿದ ದಿನಾಂಕಗಳನ್ನು ನೋಡಿ ಇದನ್ನು ಮೊದಲು ಗುರುತಿಸಿದವರು ಅವರ ಹೆಂಡತಿ. ದೊಡ್ಡ ಹುಡುಗನನ್ನು ಪ್ರತಿಭಾವಂತನೆಂದು ಆರಿಸುತ್ತಾರೆ, ಆರಿಸಿದ್ದರಿಂದ ಅವನಿಗೆ ಹೆಚ್ಚು ಅಭ್ಯಾಸ, ಒಳ್ಳೆಯ ಕೋಚ್ ಸಿಗುತ್ತಾರೆ, ಅದರಿಂದ ಅವನು ನಿಜಕ್ಕೂ ಮುಂದೆ ಹೋಗುತ್ತಾನೆ. ಎನ್‌ಎಚ್‌ಎಲ್ ಡ್ರಾಫ್ಟ್‌ಗಳನ್ನು ಕುರಿತು 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದರ ಮುಂದಿನ ಭಾಗವನ್ನೂ ಹೇಳಿದೆ: ವರ್ಷದ ಕೊನೆಯ ತಿಂಗಳುಗಳಲ್ಲಿ ಹುಟ್ಟಿದವರು ತಾವು ಆಯ್ಕೆಯಾದ ಸ್ಥಾನಕ್ಕೆ ಹೋಲಿಸಿದರೆ ಮೊದಲ ತಿಂಗಳುಗಳವರಿಗಿಂತ ಹೆಚ್ಚು ಸಾಧಿಸಿದ್ದರು.

ಇಷ್ಟು ಕೇಳಿದ ತಂದೆ ಬಹಳ ಹೊತ್ತು ಫೈಲನ್ನು ಮುಚ್ಚಿ ತೆರೆದು ಮಾಡುತ್ತಿದ್ದರು. ಕೊನೆಗೆ, "ಹಾಗಾದ್ರೆ ಇವನ ಆಟ ಮುಗೀತು ಅಂತೀರಾ?" ಎಂದರು. ಹಾಗೆ ಹೇಳುವ ಅಧಿಕಾರ ನನಗಿಲ್ಲ, ಅಲ್ಲಿ ಕುಳಿತ ಯಾರಿಗೂ ಇಲ್ಲ ಎಂದೆ. ಇದೇ ಕೆಲಸಕ್ಕೆಂದು ಸಂಬಳ ಪಡೆಯುವವರು, 18 ತುಂಬಿದವರನ್ನು ವರ್ಷಗಟ್ಟಲೆ ನೋಡಿ ಆರಿಸುವವರು, ಅವರೇ ತಪ್ಪುತ್ತಾರೆ. 1999ರ ಡ್ರಾಫ್ಟಿನಲ್ಲಿ ಮೊದಲಿಗನಾಗಿ ಆಯ್ಕೆಯಾದ ಪ್ಯಾಟ್ರಿಕ್ ಸ್ಟೀಫನ್ 455 ಪಂದ್ಯಗಳಿಗೆ ನಿಂತ. 210ನೆಯವನಾಗಿ ಹೋದ ಹೆನ್ರಿಕ್ ಝೆಟರ್‌ಬರ್ಗ್ 1082 ಪಂದ್ಯಗಳನ್ನಾಡಿ ಡೆಟ್ರಾಯ್ಟ್ ತಂಡದ ನಾಯಕನಾದ. ಇನ್ನು ಮಾರ್ಟಿನ್ ಸೇಂಟ್ ಲೂಯಿಯನ್ನು ಯಾವ ತಂಡವೂ ಡ್ರಾಫ್ಟಿನಲ್ಲಿ ತೆಗೆದುಕೊಳ್ಳಲಿಲ್ಲ. ಅವನು 2004ರಲ್ಲಿ ಲೀಗಿನ ಅತ್ಯಂತ ಮೌಲ್ಯಯುತ ಆಟಗಾರನೆನಿಸಿಕೊಂಡ. ಅವನ ಎತ್ತರವೂ ಸರಿಸುಮಾರು 173 ಸೆಂಟಿಮೀಟರ್ ಎಂದಾಗ ತಂದೆಯವರ ಮುಖ ಅರಳಿತು. ಆ ಸಂತೋಷವನ್ನು ಅಲ್ಲಿಗೇ ತಡೆಯಬೇಕಾಯಿತು. ಸೇಂಟ್ ಲೂಯಿ ಚಿಕ್ಕಂದಿನಿಂದಲೂ ಗಿಡ್ಡನಾಗಿದ್ದವನು, ಅದೂ ಮುಂಪಡೆಯ ಆಟಗಾರ. ದೊಡ್ಡವರ ನಡುವೆ ಪಕ್ ಉಳಿಸಿಕೊಳ್ಳುವ ಉಪಾಯಗಳನ್ನು ಅವನು ಮೊದಲಿನಿಂದಲೂ ಕಲಿಯಲೇಬೇಕಿತ್ತು. ಇವರ ಮಗನಿಗೆ ಆ ಅಗತ್ಯ 14 ದಾಟುವವರೆಗೆ ಬರಲೇ ಇಲ್ಲ. ಮೈಬಲವೊಂದರಿಂದಲೇ ಗೆಲ್ಲುತ್ತಿದ್ದ ಹುಡುಗ ಉಳಿದದ್ದನ್ನು ಕಲಿಯುವ ಗೋಜಿಗೆ ಹೋಗುವುದಿಲ್ಲ. ಅವನು ಈಗ ಹಿಂದೆ ಬಿದ್ದಂತೆ ಕಾಣುವುದಕ್ಕೆ ಅರ್ಧ ಕಾರಣ ಇದು. ಕಲಿತರೆ ಎಲ್ಲಿಗೆ ಮುಟ್ಟುತ್ತಾನೆ ಎಂಬುದನ್ನು ಇನ್ನೆರಡು ಮೂರು ವರ್ಷಗಳ ಆಟ ತೋರಿಸಬೇಕು.

ಕೊಟ್ಟ ಸಲಹೆ ಹೀಗಿತ್ತು. ನಿವೇಶನವನ್ನು ಮಾರಬೇಡಿ. ಹಣ ಹಾಳಾಗುತ್ತದೆ ಎಂಬುದಕ್ಕಿಂತ ನನಗೆ ಹೆಚ್ಚು ಭಯವಿದ್ದದ್ದು, ಅಜ್ಜ ಕೂಡಿಟ್ಟ ಆಸ್ತಿಯನ್ನು ತನ್ನ ಆಟಕ್ಕಾಗಿ ಮಾರಿದರೆಂಬುದು 15ರ ಹುಡುಗನಿಗೆ ಗೊತ್ತಾದ ಮೇಲೆ ಅವನು ಆಟವನ್ನು ಬಿಡಬೇಕೆನಿಸಿದರೂ ಬಿಡಲಾರ, ಇಷ್ಟಪಟ್ಟು ಆಡಲೂ ಆರ ಎಂಬುದು. ಈ ವರ್ಷ ಮನೆಯಲ್ಲೇ ಇದ್ದು, ಇರುವ ತಂಡದಲ್ಲೇ ಆಡಲಿ. ಧೈರ್ಯ ಹೋಯಿತು ಎಂಬ ಮಾತನ್ನು ಮನೆಯಲ್ಲಿ ಯಾರೂ ಆಡಕೂಡದು. ಕೋಚ್ ಬಳಿ ಇವನು ಆಯ್ಕೆಯಾಗುತ್ತಾನೆಯೇ ಎಂದು ಕೇಳುವುದನ್ನು ಬಿಟ್ಟು, ತನ್ನಷ್ಟೇ ಗಟ್ಟಿಯಾದವನು ಎದುರಿಗೆ ಬಂದಾಗ ಇವನು ಏನು ಮಾಡುತ್ತಾನೆ, ಏನು ಮಾಡಬೇಕಿತ್ತು ಎಂದು ಕೇಳಿ. ಒಂದೇ ವರ್ಷ ಉಳಿದಿದೆ ಎಂಬ ಲೆಕ್ಕವೂ ಸರಿಯಲ್ಲವೆಂದು ತೋರಿಸಿದೆ. ಈ ಆಯ್ಕೆಯಲ್ಲಿ ಹೆಸರು ಬರದವರೂ ಬೇರೆ ಜೂನಿಯರ್ ಲೀಗುಗಳಲ್ಲಿ ಆಡುತ್ತ ಅಮೆರಿಕದ ಕಾಲೇಜು ಹಾಕಿಗೆ ಹೋಗುತ್ತಾರೆ. ಮೊದಲು ಒಂಟಾರಿಯೊ ಲೀಗಿನಲ್ಲಿ ಆಡಿದವರಿಗೆ ಆ ಕಾಲೇಜು ಬಾಗಿಲು ಮುಚ್ಚುತ್ತಿತ್ತು. 2025ರ ಆಗಸ್ಟಿನಿಂದ ಆ ನಿಯಮವೂ ಸಡಿಲವಾಗಿದೆ.

ಈ ಸಲಹೆಗೆ ಆಕ್ಷೇಪ ಬಂದಿದೆ. ಹುಡುಗನ ಚಿಕ್ಕಪ್ಪನವರು ಫೋನ್ ಮಾಡಿ, ಹೌದು ಅಥವಾ ಇಲ್ಲ ಎಂದು ಒಂದು ಮಾತು ಹೇಳಲಾಗದಿದ್ದರೆ ಫೀಸು ಯಾತಕ್ಕೆ ಎಂದು ಕೇಳಿದರು. ಪರಿಚಯದ ದೈಹಿಕ ಶಿಕ್ಷಣ ಶಿಕ್ಷಕರೊಬ್ಬರು, ಕನಸಿಗೆ ತಣ್ಣೀರೆರಚಿದಿರಿ ಎಂದರು. ಎನ್‌ಎಚ್‌ಎಲ್‌ನಲ್ಲಿ 32 ತಂಡಗಳು. ಡ್ರಾಫ್ಟಿನ 7 ಸುತ್ತುಗಳಲ್ಲಿ ವರ್ಷಕ್ಕೆ ಇಡೀ ಜಗತ್ತಿನಿಂದ ಆರಿಸುವುದು 224 ಮಂದಿಯನ್ನು, ಅವರಲ್ಲೂ ಅನೇಕರು ಒಂದು ಪಂದ್ಯವನ್ನೂ ಆಡುವುದಿಲ್ಲ. ಇಲ್ಲ ಎಂದು ಹೇಳಿಬಿಟ್ಟಿದ್ದರೆ ನನ್ನ ಮಾತು ನಿಜವಾಗುವ ಸಂಭವವೇ ಹೆಚ್ಚಿತ್ತು, ಯಾರಿಂದಲೂ ದೂರು ಬರುತ್ತಿರಲಿಲ್ಲ. ಆದರೆ ಅದು ಯಾವ ಹುಡುಗನನ್ನೂ ನೋಡದೆ ಹೇಳಬಹುದಾದ ಉತ್ತರ. ಈ ಹುಡುಗನ ವಿಷಯದಲ್ಲಿ ನೋಡಿ ಹೇಳಬಹುದಾಗಿದ್ದು ಒಂದೇ: 13ರಲ್ಲಿ ಅವನ ಬಗ್ಗೆ ಕೊಟ್ಟ ತೀರ್ಪಿನಲ್ಲಿ ಎತ್ತರದ ಪಾಲು ದೊಡ್ಡದಿತ್ತು, 15ರಲ್ಲಿ ಕೊಡುತ್ತಿರುವ ತೀರ್ಪಿನಲ್ಲೂ ಅದೇ ಆಗುತ್ತಿದೆ. ಅದನ್ನು ಹೇಳಿದ್ದೇನೆ.

ಚಳಿಗಾಲದಲ್ಲಿ ತಂದೆಯವರಿಂದ ಸಂದೇಶ ಬಂತು. ಕೋಚ್‌ಗೆ ಹೊಸ ಪ್ರಶ್ನೆ ಕೇಳಿದಾಗ ನೇರ ಉತ್ತರ ಸಿಕ್ಕಿತಂತೆ: ಪಕ್ ಎತ್ತಿಕೊಳ್ಳಲು ಹೋಗುವಾಗ ಹುಡುಗ ಹೆಗಲ ಮೇಲಿಂದ ಹಿಂದೆ ತಿರುಗಿ ನೋಡುವುದೇ ಇಲ್ಲ, ಹಿಂದಿನಿಂದ ಯಾರು ಬಂದರೂ ಮೊದಲು ಇವನನ್ನು ಅಲುಗಿಸಲಾಗುತ್ತಿರಲಿಲ್ಲವಾದ್ದರಿಂದ ನೋಡುವ ಅಭ್ಯಾಸವೇ ಬೆಳೆದಿಲ್ಲ. ಈಗ ಅದನ್ನೇ ತಿದ್ದುತ್ತಿದ್ದಾರೆ. ನಿವೇಶನ ಹಾಗೆಯೇ ಇದೆ.

ನನ್ನ ಬಳಿ ಬರುವ ಸ್ಥಳೀಯ ಪ್ರಕರಣಗಳಲ್ಲಿ ಹೆಚ್ಚಿನವು ಇದರ ಇನ್ನೊಂದು ಬದಿಯವು: ಬಾಗಿಲ ಮೇಲೆ ಕೆಳಗಿನ ಗೆರೆಯ ಹುಡುಗರು. ನಮ್ಮಲ್ಲಿ ಮಣಿಕಟ್ಟಿನ ಎಕ್ಸ್‌ರೇ ಎಂದರೆ ಕ್ರಿಕೆಟ್‌ನಲ್ಲಿ ವಯಸ್ಸು ಮುಚ್ಚಿಟ್ಟವರನ್ನು ಹಿಡಿಯುವ ಸಾಧನವೆಂದಷ್ಟೇ ಎಲ್ಲರಿಗೂ ಗೊತ್ತು. ಮೂಳೆ ಇನ್ನೆಷ್ಟು ಬೆಳೆಯಲಿದೆ ಎಂಬ ಅಂದಾಜನ್ನೂ ವೈದ್ಯರು ಅದರಿಂದಲೇ ಪಡೆಯುತ್ತಾರೆ. ಇಂಗ್ಲೆಂಡಿನ ಫುಟ್‌ಬಾಲ್ ಅಕಾಡೆಮಿಗಳಲ್ಲಿ ಮಕ್ಕಳನ್ನು ಹುಟ್ಟಿದ ವರ್ಷದ ಬದಲು ಮೈಯ ಬೆಳವಣಿಗೆಯ ಪ್ರಕಾರ ಗುಂಪು ಮಾಡಿ ಆಡಿಸಿ ನೋಡಿದ್ದಾರೆ. ಅಷ್ಟೆಲ್ಲ ಇಲ್ಲಿ ಸದ್ಯಕ್ಕೆ ಆಗದಿರಬಹುದು, ಆದರೆ ಮೂರು ತಿಂಗಳಿಗೊಮ್ಮೆ ಎತ್ತರ ಅಳೆದು ಬರೆದಿಡಲು ಒಂದು ನೋಟುಪುಸ್ತಕ ಸಾಕು. ಈಚೆಗೆ 14ರೊಳಗಿನವರ ಆಯ್ಕೆಯಲ್ಲಿ ಹೆಸರು ಬರದ ಹುಡುಗನೊಬ್ಬನ ತಾಯಿ, ಮಗ ಅತ್ತು ಕ್ರಿಕೆಟ್ ಕಿಟ್ಟನ್ನು ಅಟ್ಟಕ್ಕೆ ಹಾಕಿದ್ದಾನೆ ಎಂದು ಕರೆತಂದರು. ಧ್ವನಿ ಇನ್ನೂ ಒಡೆದಿಲ್ಲ, ಚೆಂಡು ಮಾತ್ರ ಹೇಳಿದಲ್ಲಿ ಬೀಳುತ್ತದೆ ಎಂದು ಕೋಚ್ ಹೇಳಿದ್ದಾರೆ. ಎತ್ತರ ಬರೆದಿಡುತ್ತ ಹೋಗಿ, ಅದು ವೇಗವಾಗಿ ಏರಿ ನಿಂತ ಮೇಲಿನ ವರ್ಷದ ಆಟವನ್ನು ನೋಡಿ ನಿರ್ಧಾರ ಮಾಡೋಣ, ಅಲ್ಲಿಯವರೆಗೆ ಬೆಂಚಿನ ಮೇಲೆ ಕೂರಿಸುವ ದೊಡ್ಡ ತಂಡಕ್ಕಿಂತ ದಿನವೂ ಬೌಲಿಂಗ್ ಸಿಗುವ ಸಣ್ಣ ತಂಡವೇ ಅವನಿಗೆ ಒಳ್ಳೆಯದು ಎಂದು ಆ ತಾಯಿಗೆ ಹೇಳಿ ಕಳಿಸಿದ್ದೇನೆ.