ಒಂದು ಡಾಲರ್ ಪೋಕರ್‌ನಿಂದ ಇಪ್ಪತ್ತೆರಡು ಡಾಲರ್‌ಗೆ ಯಾವಾಗ?

ಪ್ರಶ್ನೆ: ನಾನು ಮೈಸೂರಿನವನು, ಈಗ ಲಂಡನ್‌ನಲ್ಲಿ ಕೆಲಸ. ಎರಡು ವರ್ಷದಿಂದ ಆನ್‌ಲೈನ್‌ನಲ್ಲಿ 1.10 ಮತ್ತು 3.30 ಡಾಲರ್‌ನ ಪೋಕರ್ ಟೂರ್ನಮೆಂಟ್ ಆಡುತ್ತಿದ್ದೇನೆ. ಹೋದ ತಿಂಗಳು ಒಂದನ್ನು ಗೆದ್ದೆ. ಖಾತೆಯಲ್ಲಿ 900 ಡಾಲರ್ ಇದೆ. 22 ಡಾಲರ್‌ನವಕ್ಕೆ ಹೋಗಬಹುದಾ? ಭಾನುವಾರದ 109 ಡಾಲರ್‌ನದ್ದರ ಮೇಲೂ ಆಸೆಯಿದೆ. ರಜೆಗೆ ಊರಿಗೆ ಬಂದಾಗ ಅಲ್ಲಿಂದ ಆಡಬಹುದಾ?

ಉತ್ತರ: 22ಕ್ಕೆ ಈಗಲೇ ಬೇಡ. ಮೊದಲು 5.50ಕ್ಕೆ ಹೋಗಿ. ಅದರಲ್ಲೂ ಜನ ಕಡಿಮೆ ಸೇರುವ ಟೂರ್ನಮೆಂಟ್ ಆರಿಸಿ.

ಲೆಕ್ಕ ನೋಡಿ. 900 ಡಾಲರ್ ಅಂದರೆ 22ರ ಟೂರ್ನಮೆಂಟ್‌ಗೆ ಸುಮಾರು 40 ಪ್ರವೇಶ. ಸೋತವರು ಮತ್ತೆ ದುಡ್ಡು ಕಟ್ಟಿ ಒಳಬರುವ ರೀ-ಎಂಟ್ರಿ ಬಳಸಿದರೆ ಇನ್ನೂ ಕಡಿಮೆ. ಸಾಮಾನ್ಯವಾಗಿ ನೂರಕ್ಕೆ ಹದಿನೈದು ಜನರಿಗಷ್ಟೇ ಬಹುಮಾನ ಸಿಗುತ್ತದೆ. ಅವರಲ್ಲೂ ಹೆಚ್ಚಿನವರಿಗೆ ಸಿಗುವುದು ಕಟ್ಟಿದ್ದಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ದೊಡ್ಡ ಮೊತ್ತವೆಲ್ಲ ಮೊದಲ ಮೂರು ಸ್ಥಾನಕ್ಕೆ. ಹಾಗಾಗಿ ಚೆನ್ನಾಗಿ ಆಡುವವರಿಗೂ ನೂರು ಟೂರ್ನಮೆಂಟ್ ನಷ್ಟದಲ್ಲೇ ಕಳೆಯಬಹುದು. ಕನಿಷ್ಠ ನೂರು ಪ್ರವೇಶಕ್ಕಾಗುವಷ್ಟು ದುಡ್ಡಿರಲಿ, ಸಾವಿರಾರು ಜನ ಸೇರುವ ಕಡೆ ಇನ್ನೂರು. 5.50ರಲ್ಲಿ ನಿಮಗೆ 160ಕ್ಕೂ ಹೆಚ್ಚು ಪ್ರವೇಶ ಸಿಗುತ್ತದೆ. ಇನ್ನೂರು ಜನರ ಟೂರ್ನಮೆಂಟ್ ಆದರೆ ಕೊನೆಗೆ ಉಳಿದವರು ಕೂರುವ ಫೈನಲ್ ಟೇಬಲ್‌ಗೆ ಮತ್ತೆ ಮತ್ತೆ ತಲುಪುತ್ತೀರಿ, ಕಲಿಯುವುದೂ ಅಲ್ಲೇ. ಬಹುಮಾನದ ಮೊತ್ತ ನೋಡಿ ಮೂರು ಸಾವಿರ ಜನರ ಗುಂಪಿಗೆ ನುಗ್ಗಬೇಡಿ.

ನಿಮ್ಮ ಗೆಲುವನ್ನು ಸಣ್ಣದು ಮಾಡುತ್ತಿಲ್ಲ. ಆದರೆ ಒಂದು ಗೆಲುವಿನಿಂದ ನಿಮ್ಮ ಮಟ್ಟ ತಿಳಿಯುವುದಿಲ್ಲ, ಐವತ್ತು ಸೋಲಿನಿಂದಲೂ ತಿಳಿಯುವುದಿಲ್ಲ. ಆಟವನ್ನೇ ನೋಡಬೇಕು.

ಒಂದು ಡಾಲರ್ ಟೇಬಲ್‌ನಲ್ಲಿ ಜನ ಸುಮ್ನೆ ಕಾಲ್ ಮಾಡುತ್ತಾರೆ, ಅಂದರೆ ಎದುರಿನವರು ಕಟ್ಟಿದಷ್ಟೇ ಕಟ್ಟಿ ಆಟದಲ್ಲಿ ಉಳಿಯುತ್ತಾರೆ. ಅಲ್ಲಿ ಬ್ಲಫ್ (ಎಲೆ ಚೆನ್ನಾಗಿಲ್ಲದಿದ್ದರೂ ಬೆಟ್ ಕಟ್ಟಿ ಹೆದರಿಸುವುದು) ಬಿಟ್ಟು, ಒಳ್ಳೆ ಕೈ, ಅಂದರೆ ಒಳ್ಳೆ ಎಲೆಗಳು ಬಂದಾಗ ದೊಡ್ಡ ಬೆಟ್ ಕಟ್ಟಿದರೆ ಸಾಕು. ಮೇಲೆ ಹೋದಂತೆ ನೀವು ರೈಸ್ ಮಾಡಿದರೆ, ಅಂದರೆ ಬೆಟ್ ಏರಿಸಿದರೆ, ಅದರ ಮೇಲೆ ಮತ್ತೆ ರೈಸ್ ಬೀಳುತ್ತದೆ. ಬಿಗ್ ಬ್ಲೈಂಡ್‌ನಲ್ಲಿ ಕೂತವರು, ಅಂದರೆ ಎಲೆ ನೋಡುವ ಮೊದಲೇ ಕಡ್ಡಾಯದ ದೊಡ್ಡ ಬೆಟ್ ಕಟ್ಟಿದವರು, ಸುಲಭಕ್ಕೆ ಬಿಡುವುದಿಲ್ಲ. ಅದಕ್ಕೆ ಕಾರಣವಿದೆ. ಎದುರಾಳಿ ಎರಡು ಬ್ಲೈಂಡ್‌ಗೆ (ಬಿಗ್ ಬ್ಲೈಂಡ್‌ನ ಎರಡರಷ್ಟು) ರೈಸ್ ಮಾಡಿದ, ಉಳಿದವರು ಫೋಲ್ಡ್, ಅಂದರೆ ಆ ಕೈ ಬಿಟ್ಟರು ಅಂದುಕೊಳ್ಳಿ. ಸ್ಮಾಲ್ ಬ್ಲೈಂಡ್ ಅರ್ಧ. ಆಂಟೆ (ಎಲೆ ಹಂಚುವ ಮೊದಲೇ ಕಟ್ಟುವ ದುಡ್ಡು) ಒಟ್ಟು ಒಂದು ಬ್ಲೈಂಡ್ ಆದರೆ ಪಾಟ್‌ನಲ್ಲಿ, ಅಂದರೆ ಸೇರಿದ ಮೊತ್ತದಲ್ಲಿ ನಾಲ್ಕೂವರೆ ಬ್ಲೈಂಡ್ ಇರುತ್ತದೆ. ನೀವು ಹಾಕಬೇಕಾದ್ದು ಒಂದೇ, ಹಾಕಿದ ಮೇಲೆ ಪಾಟ್ ಐದೂವರೆ. ಅಂದರೆ ಶೇ. 18ರಷ್ಟು ಪಾಲು ಕೈಗೆ ಬಂದರೂ ಕಾಲ್ ನಷ್ಟವಲ್ಲ. ಸೂಟೆಡ್ (ಒಂದೇ ಗುರುತಿನ) ಸಣ್ಣ ಎಲೆಗಳನ್ನೂ ಅಲ್ಲಿ ಎಸೆಯುತ್ತಿದ್ದೀರಾ? ಹಾಗಿದ್ದರೆ ಇನ್ನೂ ತಯಾರಿ ಬೇಕು.

ಹೆಚ್ಚು ದುಡ್ಡು ಸೋರುವುದು ಬಬಲ್ (ಬಹುಮಾನದ ಸ್ಥಾನಗಳಿಗೆ ಸ್ವಲ್ಪ ಮುಂಚಿನ ಘಟ್ಟ) ಹತ್ತಿರ ಮತ್ತು ಫೈನಲ್ ಟೇಬಲ್‌ನಲ್ಲಿ. ಚಿಪ್ಸ್‌ನ ಲೆಕ್ಕ, ದುಡ್ಡಿನ ಲೆಕ್ಕ ಒಂದೇ ಅಲ್ಲ. ಮೂವರು ಉಳಿದಿದ್ದಾರೆ, ಬಹುಮಾನ 50, 30, 20 ಡಾಲರ್ ಅನ್ನಿ. ಚಿಪ್ಸ್ 5000, 3000, 2000. ಅರ್ಧ ಚಿಪ್ಸ್ ಇರುವವನ ಪಾಲು 50 ಡಾಲರ್ ಅಲ್ಲ, ಐಸಿಎಂ ಲೆಕ್ಕದಲ್ಲಿ (ಚಿಪ್ಸ್‌ಗೆ ಬಹುಮಾನದ ದುಡ್ಡಿನಲ್ಲಿ ಬೆಲೆ ಕಟ್ಟುವ ಸೂತ್ರ) 38ರ ಸುಮಾರು. ಐದನೇ ಒಂದು ಭಾಗ ಇರುವವನದ್ದು 29ರ ಹತ್ತಿರ! ಅದಕ್ಕೇ ಇಲ್ಲಿ ಆಲ್-ಇನ್ (ಇರುವ ಚಿಪ್ಸ್ ಎಲ್ಲ ಕಟ್ಟುವುದು) ಹೋಗುವುದಕ್ಕಿಂತ ಆಲ್-ಇನ್‌ಗೆ ಕಾಲ್ ಕೊಡಲು ಗಟ್ಟಿ ಕೈ ಬೇಕು. ನಿಮ್ಮ ಹ್ಯಾಂಡ್ ಹಿಸ್ಟರಿ (ಆಡಿದ ಕೈಗಳ ದಾಖಲೆ) ತೆಗೆದು ಬಬಲ್‌ನ ಕೈಗಳನ್ನು ವಾರಕ್ಕೊಮ್ಮೆ ಐಸಿಎಂ ಕ್ಯಾಲ್ಕ್ಯುಲೇಟರ್‌ನಲ್ಲಿ ಹಾಕಿ ನೋಡಿ. ಇದನ್ನು ಮಾಡದೆ ಮೇಲೆ ಹೋಗುವುದು ನನಗೆ ಸರಿ ಕಾಣುವುದಿಲ್ಲ.

ಒಮ್ಮೆಲೇ ಜಿಗಿಯಬೇಕಿಲ್ಲ. ಹತ್ತು ಟೂರ್ನಮೆಂಟ್ ಆಡಿದರೆ ಎಂಟು ಹಳೆ ಮಟ್ಟದವು, ಎರಡು ಹೊಸವು ಇರಲಿ. ಆಮೇಲೆ 11ಕ್ಕೆ ಕೈ ಹಾಕುವಾಗ 110 ಡಾಲರ್ ಬೇರೆ ಇಟ್ಟುಕೊಳ್ಳಿ. ಅದು ಮುಗಿದರೆ ಅದೇ ದಿನ ಕೆಳಗಿಳಿಯಿರಿ. ಬಾಡಿಗೆ, ಊರಿಗೆ ಕಳಿಸುವ ದುಡ್ಡು ಇದರೊಳಗೆ ಬರಲೇಕೂಡದು. ಸೈಟ್‌ನಲ್ಲಿ ಡೆಪಾಸಿಟ್ ಮಿತಿ ಹಾಕಿಡಿ.

109ಕ್ಕೆ ಸ್ಯಾಟಲೈಟ್ ದಾರಿಯಿದೆ, ಅಂದರೆ ಕಡಿಮೆ ದುಡ್ಡಿನ ಟೂರ್ನಮೆಂಟ್ ಆಡಿ ದೊಡ್ಡದರ ಪ್ರವೇಶ ಗೆಲ್ಲುವುದು. 2003ರಲ್ಲಿ ಕ್ರಿಸ್ ಮನಿಮೇಕರ್ 86 ಡಾಲರ್‌ನ ಆನ್‌ಲೈನ್ ಸ್ಯಾಟಲೈಟ್‌ನಿಂದ ಹೋಗಿ ಪೋಕರ್‌ನ ವರ್ಲ್ಡ್ ಸೀರೀಸ್ ಮುಖ್ಯ ಟೂರ್ನಮೆಂಟ್ ಗೆದ್ದು 25 ಲಕ್ಷ ಡಾಲರ್ ಪಡೆದರು. ಆ ಕಥೆ ನಂಬಿ ದಿನಾ ಸ್ಯಾಟಲೈಟ್ ಆಡಬೇಡಿ. ತಿಂಗಳಿಗೊಂದು ಸಾಕು.

ಊರಿಗೆ ಬಂದಾಗ ಬೇಡ. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಕಾನೂನು ದುಡ್ಡಿಟ್ಟು ಆಡುವ ಆನ್‌ಲೈನ್ ಆಟಗಳಿಗೆ ಭಾರತದಲ್ಲಿ ನಿಷೇಧ ಹಾಕಿದೆ, ಪೋಕರ್ ಕೂಡ ಅದರಲ್ಲಿ ಸೇರಿದೆ. ವಿಪಿಎನ್ ಹಾಕಿ ಆಡುವ ಉಪಾಯವನ್ನೂ ಮಾಡಬೇಡಿ. ಇರುವ ಜಾಗ ಮರೆಮಾಚಿದ್ದು ಗೊತ್ತಾದರೆ ಸೈಟ್ ನಿಮ್ಮ ಖಾತೆಯನ್ನು, ಅದರಲ್ಲಿರುವ ದುಡ್ಡಿನ ಸಮೇತ ತಡೆಹಿಡಿಯಬಹುದು.