ಉಪ್ಪಿನ ಪ್ಯಾಕೆಟ್ ಎಷ್ಟು ದಿನ ಬರಬೇಕು?

ಓದುಗರ ಪ್ರಶ್ನೆ, ವೈದ್ಯರ ಉತ್ತರ: ಈ ಸಲ ರಕ್ತದೊತ್ತಡ

ಪ್ರಶ್ನೆ: ನನಗೆ 36 ವರ್ಷ. ಅಪ್ಪ, ಅಮ್ಮ ಇಬ್ಬರಿಗೂ ಬಿ.ಪಿ. ಇದೆ. ಆಫೀಸಿನ ತಪಾಸಣೆಯಲ್ಲಿ ನನಗೆ 134/86 ಬಂತು. ಮಾತ್ರೆ ಬೇಡ, ಉಪ್ಪು ಕಡಿಮೆ ಮಾಡಿ ಎಂದರು. ನಮ್ಮ ಮನೆಯಲ್ಲಿ ಊಟಕ್ಕೆ ಮೇಲುಪ್ಪು ಹಾಕಿಕೊಳ್ಳುವ ಅಭ್ಯಾಸವೇ ಇಲ್ಲ. ಇನ್ನೆಲ್ಲಿ ಕಡಿಮೆ ಮಾಡುವುದು? (ದಾವಣಗೆರೆ)

ಉತ್ತರ: ಕಾಯಿಲೆ ಎಂದು ಹೆಸರಿಡುವ 140/90 ಅನ್ನು ನೀವಿನ್ನೂ ಮುಟ್ಟಿಲ್ಲ. ಆದರೆ ಇರಬೇಕಾದ 120/80 ಅನ್ನು ದಾಟಿದ್ದೀರಿ. ತಂದೆ-ತಾಯಿ ಇಬ್ಬರಿಗೂ ಇರುವುದರಿಂದ ನಿಮಗೂ ಬರುವ ಸಾಧ್ಯತೆ ಹೆಚ್ಚು. ಎಚ್ಚೆತ್ತುಕೊಳ್ಳಲು ಇದೇ ಸರಿಯಾದ ಹೊತ್ತು.

ನಮ್ಮ ಮನೆಗಳಲ್ಲಿ ಉಪ್ಪು ಹೆಚ್ಚಾಗಿ ಹೊಟ್ಟೆ ಸೇರುವುದು ಒಲೆಯ ಮೇಲಿನ ಪಾತ್ರೆಯಿಂದ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರೊಬ್ಬರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು, ಅಂದರೆ ಒಂದು ಟೀ ಚಮಚಕ್ಕಿಂತ ತುಸು ಕಡಿಮೆ. ನಾಲ್ವರಿದ್ದರೆ ದಿನಕ್ಕೆ 20 ಗ್ರಾಂ. ಒಂದು ಕಿಲೋ ಪ್ಯಾಕೆಟ್ 50 ದಿನ ಬರಬೇಕು. ಬಿಸ್ಕತ್ತು, ಬ್ರೆಡ್ಡು, ಹೋಟೆಲ್ ತಿಂಡಿಯ ಉಪ್ಪು ಇದರ ಮೇಲೆ ಸೇರುವುದರಿಂದ ಎರಡು ತಿಂಗಳು ಬಂದರೆ ಇನ್ನೂ ಒಳ್ಳೆಯದು. ಪ್ಯಾಕೆಟ್ ಒಡೆದ ದಿನ ಅದರ ಮೇಲೆಯೇ ತಾರೀಕು ಬರೆದಿಡಿ. ಒಂದೇ ತಿಂಗಳಿಗೆ ಖಾಲಿಯಾದರೆ ತಲೆಗೆ ದಿನಕ್ಕೆ 8 ಗ್ರಾಂ ಮೀರಿದೆ ಎಂದರ್ಥ. ಉಪ್ಪಿನಕಾಯಿ ಹಾಕಲು ತೆಗೆದದ್ದನ್ನು ಬೇರೆ ಲೆಕ್ಕ ಹಿಡಿಯಿರಿ.

ಮೊದಲು ಅನ್ನ, ಮುದ್ದೆ, ಚಪಾತಿ ಹಿಟ್ಟಿಗೆ ಹಾಕುವ ಉಪ್ಪನ್ನು ಪೂರ್ತಿ ಬಿಡಿ. ಅವುಗಳ ಜೊತೆಗಿನ ಸಾರು, ಪಲ್ಯದಲ್ಲಿ ಉಪ್ಪು ಇದ್ದೇ ಇರುತ್ತದೆ. ಆಮೇಲೆ ಕೈಯಳತೆ ಬಿಟ್ಟು ಡಬ್ಬಿಯಲ್ಲಿ ಒಂದು ಚಮಚ ಇಡಿ, ಸಾರು-ಹುಳಿಗೆ ಹಾಕುವುದನ್ನು ವಾರವಾರ ಸ್ವಲ್ಪಸ್ವಲ್ಪವೇ ಇಳಿಸಿ. ಒಂದೇ ದಿನ ಅರ್ಧಕ್ಕೆ ಇಳಿಸಿದರೆ ಊಟ ಸಪ್ಪೆಯಾಗಿ ಎಲ್ಲರೂ ಉಪ್ಪಿನಕಾಯಿ ಭರಣಿಗೆ ಕೈ ಹಾಕುತ್ತಾರೆ, ಮಾಡಿದ್ದೆಲ್ಲ ವ್ಯರ್ಥ. ನಾಲಿಗೆ ಒಗ್ಗಲು ಕೆಲವು ವಾರ ಬೇಕೇ ಬೇಕು. ಅಲ್ಲಿಯವರೆಗೆ ಪಾತ್ರೆಯನ್ನು ಒಲೆಯಿಂದ ಇಳಿಸಿದ ಮೇಲೆ ಹಿಂಡಿದ ನಿಂಬೆರಸ, ಕಾಳುಮೆಣಸು, ಹಸಿಶುಂಠಿ, ಇಂಗಿನ ಒಗ್ಗರಣೆ ಕೈಹಿಡಿಯುತ್ತವೆ.

ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ ಹಬ್ಬಕ್ಕಿರಲಿ, ದಿನಾ ಬೇಡ. ಪೊಟ್ಟಣದ ತಿಂಡಿಗಳ ಮೇಲೆ 'ಸೋಡಿಯಂ' ಎಂದು ಬರೆದಿರುತ್ತದೆ. ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತದೆ. 800 ಮಿಲಿಗ್ರಾಂ ಸೋಡಿಯಂ ಎಂದಿದ್ದರೆ 2 ಗ್ರಾಂ ಉಪ್ಪು. ಅಡುಗೆ ಸೋಡಾ, ಗ್ಯಾಸಿಗೆಂದು ನೀರಿಗೆ ಹಾಕಿ ಕುಡಿಯುವ ನೊರೆಪುಡಿ, ಇವೂ ಸೋಡಿಯಮ್ಮೇ.

ಪ್ರಶ್ನೆ: ಸೈಂಧವ ಲವಣ ಬಳಸಿದರೆ ಬಿ.ಪಿ. ಏರುವುದಿಲ್ಲವಂತೆ, ನಿಜವೇ? (ಕಲಬುರಗಿ)

ಉತ್ತರ: ನಿಜವಲ್ಲ. ಅದರಲ್ಲೂ ಬಹುಪಾಲು ಸೋಡಿಯಂ ಕ್ಲೋರೈಡೇ. ಸಾಲದ್ದಕ್ಕೆ ಅಯೋಡಿನ್ ಸೇರಿಸಿರದಿದ್ದರೆ ಥೈರಾಯ್ಡಿಗೆ ಬೇಕಾದದ್ದೂ ತಪ್ಪುತ್ತದೆ. 'ಲೋ ಸೋಡಿಯಂ' ಉಪ್ಪಿನ ಮಾತು ಬೇರೆ. ಅದರಲ್ಲಿ ಒಂದು ಪಾಲು ಪೊಟ್ಯಾಸಿಯಂ ಕ್ಲೋರೈಡ್ ಇರುವುದರಿಂದ ಒತ್ತಡ ಇಳಿಯಲು ಸಹಾಯವಾಗುತ್ತದೆ. ಆದರೆ ಮೂತ್ರಪಿಂಡದ ತೊಂದರೆ ಇರುವವರು, ಟೆಲ್ಮಿಸಾರ್ಟನ್, ರಾಮಿಪ್ರಿಲ್, ಸ್ಪೈರೋನೋಲ್ಯಾಕ್ಟೋನ್‌ನಂಥ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಮುಟ್ಟಬಾರದು. ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತವೇ ತಪ್ಪುತ್ತದೆ.

ಪ್ರಶ್ನೆ: ಮನೆಗೆ ಬಿ.ಪಿ. ಮೆಷಿನ್ ತಂದಿದ್ದೇವೆ. ಒಂದು ಸಲ 128, ಹತ್ತು ನಿಮಿಷ ಬಿಟ್ಟರೆ 146. ಮೆಷಿನ್ ಕೆಟ್ಟಿದೆಯೇ? (ಶಿರಸಿ)

ಉತ್ತರ: ಕೆಟ್ಟಿರಲಿಕ್ಕಿಲ್ಲ. ಹೆಚ್ಚಿನ ಪಾಲು ನೋಡುವ ರೀತಿಯಲ್ಲೇ ತಪ್ಪಿರುತ್ತದೆ. ಕಾಫಿ, ಬೀಡಿ-ಸಿಗರೇಟು, ಹೊಗೆಸೊಪ್ಪು, ನಡಿಗೆ ಇವುಗಳಾದ ಮೇಲೆ ಅರ್ಧ ಗಂಟೆ ಬಿಡಿ. ಮೂತ್ರ ಕಟ್ಟಿಕೊಂಡು ಕೂರಬೇಡಿ, ಅದರಿಂದಲೂ ಏರುತ್ತದೆ. ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ, ಪಾದ ನೆಲಕ್ಕೂರಿ, ಕಾಲ ಮೇಲೆ ಕಾಲು ಹಾಕದೆ ಐದು ನಿಮಿಷ ಸುಮ್ಮನಿರಿ. ಪಟ್ಟಿಯನ್ನು ಬಟ್ಟೆಯ ಮೇಲಲ್ಲ, ಬರಿ ತೋಳಿಗೆ, ಮೊಣಕೈ ಮಡಿಕೆಗಿಂತ ಎರಡು ಬೆರಳು ಮೇಲೆ ಸುತ್ತಿ. ತೋಳು ಮೇಜಿನ ಮೇಲೆ, ಎದೆಯ ಮಟ್ಟದಲ್ಲಿರಲಿ. ಕೆಳಗೆ ಇಳಿಬಿಟ್ಟರೆ ಅಂಕಿ ಹೆಚ್ಚು ತೋರಿಸುತ್ತದೆ. ನೋಡುವಾಗ ಮಾತು ಬೇಡ.

ಪಟ್ಟಿಯ ಅಳತೆಯನ್ನೂ ನೋಡಿ. ಸಾಮಾನ್ಯ ಪಟ್ಟಿ 22ರಿಂದ 32 ಸೆಂ.ಮೀ. ಸುತ್ತಳತೆಯ ತೋಳಿಗೆ. ದಪ್ಪ ತೋಳಿಗೆ ಅದನ್ನೇ ಬಿಗಿದರೆ ಇಲ್ಲದ ಬಿ.ಪಿ. ಕಾಣಿಸುತ್ತದೆ. ದೊಡ್ಡ ಪಟ್ಟಿ ಬೇರೆ ಸಿಗುತ್ತದೆ, ಕೇಳಿ ತನ್ನಿ.

ಬೆಳಿಗ್ಗೆ ತಿಂಡಿ-ಮಾತ್ರೆಗೆ ಮೊದಲು ಮತ್ತು ಸಂಜೆ, ಒಂದು ನಿಮಿಷ ಬಿಟ್ಟು ಎರಡೆರಡು ಸಲ ನೋಡಿ ಏಳು ದಿನ ಬರೆದಿಡಿ. ಮೊದಲ ದಿನದ್ದನ್ನು ಕೈಬಿಟ್ಟು ಉಳಿದವುಗಳ ಸರಾಸರಿ ತೆಗೆಯಿರಿ. ಮನೆಯಲ್ಲಿ ನೋಡಿದ ಸರಾಸರಿ 135/85 ಮುಟ್ಟಿದರೆ ವೈದ್ಯರಿಗೆ ತೋರಿಸಿ. ಎದೆನೋವು, ಉಸಿರುಕಟ್ಟು, ಮಾತು ತೊದಲುವುದು, ಒಂದು ಪಕ್ಕ ಕೈಕಾಲು ಸೋಲುವುದು ಕಂಡರೆ ಮೆಷಿನ್ ಹುಡುಕುತ್ತ ಕೂರದೆ ಆಸ್ಪತ್ರೆಗೆ ಹೊರಡಿ.

ಪ್ರಶ್ನೆ: ನನಗೆ 58 ವರ್ಷ, ಮಂಡಿನೋವು, ತೂಕ ಹೆಚ್ಚು. ಬಿ.ಪಿ. ಗಡಿಯಲ್ಲಿದೆ, ನಡೆಯಿರಿ ಎನ್ನುತ್ತಾರೆ, ನಡೆಯಲಾಗುತ್ತಿಲ್ಲ. ನೋವಿಗೆ ಅಂಗಡಿಯಿಂದ ಮಾತ್ರೆ ತಂದು ನುಂಗುತ್ತೇನೆ. (ತುಮಕೂರು)

ಉತ್ತರ: ಮೊದಲು ಆ ಮಾತ್ರೆಯ ವಿಷಯ. ಡೈಕ್ಲೊಫೆನಾಕ್, ಐಬುಪ್ರೊಫೆನ್ ಜಾತಿಯ ಮಾತ್ರೆಗಳು ಮೈಯಲ್ಲಿ ಉಪ್ಪು-ನೀರನ್ನು ಹಿಡಿದಿಟ್ಟು ಒತ್ತಡ ಏರಿಸುತ್ತವೆ, ಮೂತ್ರಪಿಂಡಕ್ಕೂ ಪೆಟ್ಟು. ಮೂಗು ಕಟ್ಟಿದ್ದಕ್ಕೆ ಕೊಡುವ ಕೆಲವು ಶೀತದ ಮಾತ್ರೆಗಳು, ಕೆಮ್ಮಿಗೆಂದು ದಿನಗಟ್ಟಲೆ ಜಗಿಯುವ ಜ್ಯೇಷ್ಠಮಧು ಕೂಡ ಬಿ.ಪಿ. ಏರಿಸಬಲ್ಲವು. ಎಷ್ಟೋ ಮಂದಿ ಇವನ್ನು ವೈದ್ಯರಿಗೆ ಹೇಳುವುದೇ ಇಲ್ಲ.

ವ್ಯಾಯಾಮವೆಂದರೆ ನಡಿಗೆಯೊಂದೇ ಅಲ್ಲ. ನಿಂತಲ್ಲೇ ತುಳಿಯುವ ಸೈಕಲ್, ಈಜು, ಕುರ್ಚಿಯಲ್ಲಿ ಕೂತು ಕಾಲು ನೀಡಿ ಎತ್ತುವುದು, ಯಾವುದಾದರೂ ಸರಿ. ವಾರಕ್ಕೆ ಒಟ್ಟು 150 ನಿಮಿಷ ಗುರಿ. ಹತ್ತು ಹತ್ತು ನಿಮಿಷ ಬಿಡಿಸಿ ಮಾಡಬಹುದು. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಏದುಸಿರು ಸಾಕು. ಉಸಿರು ಬಿಗಿಹಿಡಿದು ಭಾರ ಎತ್ತಬೇಡಿ. ತೂಕ ಒಂದು ಕಿಲೋ ಇಳಿದರೆ ಮೇಲಿನ ಅಂಕಿಯೂ ಹೆಚ್ಚುಕಡಿಮೆ ಒಂದರಷ್ಟು ಇಳಿಯುತ್ತದೆ, ಮಂಡಿಯ ಮೇಲಿನ ಭಾರವೂ ತಗ್ಗುತ್ತದೆ. ಜೋರಾಗಿ ಗೊರಕೆ ಹೊಡೆದು ಹಗಲು ತೂಕಡಿಸುವವರಾಗಿದ್ದರೆ ಅದನ್ನೂ ತಿಳಿಸಿ. ನಿದ್ದೆಯಲ್ಲಿ ಉಸಿರು ನಿಂತುನಿಂತು ಬರುವುದರಿಂದಲೂ ಬಿ.ಪಿ. ಏರುತ್ತದೆ.

ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಮನೆಯಲ್ಲಿರುವ ಮಾತ್ರೆ ಸ್ಟ್ರಿಪ್, ಪುಡಿ, ಕಷಾಯದ ಬಾಟಲಿ ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ ತೋರಿಸಿ.