ಓದುಗರ ಪ್ರಶ್ನೆ–ಉತ್ತರ: ಮೇಷ್ಟ್ರು ಎದುರಿಗಿಲ್ಲದ ಪಾಠ

ಪ್ರಶ್ನೆ: ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುತ್ತಾ ದೂರ ಶಿಕ್ಷಣದಲ್ಲಿ ಬಿ.ಕಾಂ. ಓದುತ್ತಿದ್ದೇನೆ. ಪಿಯುಸಿಯಲ್ಲಿ ಅರ್ಥವಾಗದಿದ್ದರೆ ಅಲ್ಲೇ ಎದ್ದು ಕೇಳುತ್ತಿದ್ದೆ. ಈಗ ಮೇಷ್ಟ್ರು ಎದುರಿಗೆ ಸಿಗುವ ಸಂಪರ್ಕ ತರಗತಿಯಲ್ಲಿ ಪಾಠ ಓಡುತ್ತದೆ. ಮೆಸೇಜ್ ಹಾಕಿದರೆ ‘ಸಿದ್ಧಪಾಠ (ವಿಶ್ವವಿದ್ಯಾಲಯ ಕೊಟ್ಟ ಪಾಠದ ಪುಸ್ತಕ) ಇನ್ನೊಮ್ಮೆ ಓದಿ’ ಎನ್ನುತ್ತಾರೆ. ಏನು ಮಾಡಲಿ?
– ಓದುಗ, ಕೋಲಾರ

ಉತ್ತರ: ಮೊದಲು ಲೆಕ್ಕ ನೋಡಿ. ಕ್ರೆಡಿಟ್ ಎಂದರೆ ಒಂದು ವಿಷಯಕ್ಕೆ ಎಷ್ಟು ಓದು ಬೇಕು ಎಂಬುದರ ಅಳತೆ. 4 ಕ್ರೆಡಿಟ್‌ನ ಒಂದು ವಿಷಯಕ್ಕೆ ಕಾಲೇಜಿನಲ್ಲಿ ವಾರಕ್ಕೆ 4 ಗಂಟೆಯಂತೆ 15 ವಾರ, ಅಂದರೆ 60 ಗಂಟೆ ಪಾಠ ಸಿಗುತ್ತದೆ. ದೂರ ಶಿಕ್ಷಣದಲ್ಲಿ ಒಂದು ಕ್ರೆಡಿಟ್‌ಗೆ 30 ಗಂಟೆಯ ಓದು, ನಾಲ್ಕಕ್ಕೆ 120. ಅದರಲ್ಲಿ ಮೇಷ್ಟ್ರು ಎದುರಿಗಿರುವುದು ಸುಮಾರು ಹತ್ತನೇ ಒಂದು ಪಾಲು, 12 ಗಂಟೆ. ಪುಸ್ತಕದಲ್ಲಿ ಘಟಕಗಳು, ಅಂದರೆ ಅಧ್ಯಾಯಗಳು, 14–16. ಒಂದೊಂದಕ್ಕೆ ಹೆಚ್ಚೂಕಡಿಮೆ ಮುಕ್ಕಾಲು ಗಂಟೆ ಬಿದ್ದರೆ ಓಡಿಸದೆ ಇನ್ನೇನು ಮಾಡಿಯಾರು? ಆ 12 ಗಂಟೆ ಪಾಠ ಕೇಳುವುದಕ್ಕಲ್ಲ, ಓದಿಕೊಂಡು ಹೋಗಿ ಕೇಳುವುದಕ್ಕೆ. ಇದನ್ನು ಪ್ರವೇಶದ ದಿನವೇ ಹೇಳಬೇಕು, ಹೇಳುವವರು ಕಡಿಮೆ.

ಇನ್ನು ಮೆಸೇಜ್. ತರಗತಿಯಲ್ಲಿ ‘ಸವಕಳಿ (ವರ್ಷ ಕಳೆದಂತೆ ಯಂತ್ರದ ಬೆಲೆ ಇಳಿಯುವುದು) ಗೊತ್ತಾಗಲಿಲ್ಲ ಸಾರ್’ ಎಂದರೂ ನಡೆಯುತ್ತದೆ. ಮೇಷ್ಟ್ರು ನಿಮ್ಮ ಪುಸ್ತಕಕ್ಕೆ ಬಗ್ಗಿ ನೋಡಿ ತಪ್ಪನ್ನು ತಾವೇ ಹುಡುಕುತ್ತಾರೆ. ಫೋನಿನಲ್ಲಿ ಆ ಬಗ್ಗಿ ನೋಡುವುದು ಇಲ್ಲ, ಆ ಕೆಲಸವನ್ನು ನೀವೇ ಮಾಡಿ ಕಳಿಸಬೇಕು. ಹೀಗೆ ಬರೆಯಿರಿ: ‘3ನೇ ಘಟಕ, 2ನೇ ಉದಾಹರಣೆ. 1,00,000 ರೂಪಾಯಿಯ ಯಂತ್ರ, ಸವಕಳಿ 10%. ಎರಡನೇ ವರ್ಷಕ್ಕೂ ನನಗೆ 10,000 ಬರುತ್ತಿದೆ, ಪುಸ್ತಕದಲ್ಲಿ 9,000 ಇದೆ. ಯಾವ ಮೊತ್ತದ ಮೇಲೆ ಲೆಕ್ಕ ಹಾಕಬೇಕು?’ ನೀವು ಮೂಲ ಬೆಲೆಯನ್ನೇ ಹಿಡಿದಿದ್ದೀರಿ, ಪುಸ್ತಕ ಉಳಿದ 90,000ವನ್ನು ಹಿಡಿದಿದೆ ಎಂದು ಯಾವ ಮೇಷ್ಟ್ರಿಗಾದರೂ ಒಂದೇ ನೋಟಕ್ಕೆ ತಿಳಿಯುತ್ತದೆ. ಉತ್ತರ ಎರಡು ಸಾಲು. ಒಂದು ಮೆಸೇಜಿಗೆ ಒಂದೇ ಪ್ರಶ್ನೆ. ಐದು ಹಾಕಿದರೆ ಸುಲಭದ್ದಕ್ಕೆ ಮಾತ್ರ ಉತ್ತರ ಬರುತ್ತದೆ. ನೀವು ಮಾಡಿದ ಲೆಕ್ಕದ ಫೋಟೊ ಜೊತೆಗಿರಲಿ. ಹಗಲು ಬೆಳಕಿನಲ್ಲಿ, ಕೈ ನೆರಳು ಬೀಳದಂತೆ, ಒಂದು ಫೋಟೊಗೆ ಒಂದೇ ಪುಟ.

ಅಸೈನ್‌ಮೆಂಟನ್ನು ಸೀನಿಯರ್‌ಗಳದ್ದು ನೋಡಿ ಇಳಿಸುವವರೇ ಹೆಚ್ಚು. ಅದಕ್ಕೆ 100ರಲ್ಲಿ 30ರವರೆಗೂ ಅಂಕ ಇರಬಹುದು. ಆದರೆ ಅಂಕಕ್ಕಿಂತ ದೊಡ್ಡ ನಷ್ಟ ಬೇರೆ ಇದೆ: ಮೇಷ್ಟ್ರು ನಿಮ್ಮ ಇಡೀ ಉತ್ತರವನ್ನು ನೋಡಿ ಏನಾದರೂ ಹೇಳುವ ಅವಕಾಶ ಇದೊಂದೇ. ಇಳಿಸಿದ ಉತ್ತರದಲ್ಲಿ ನಿಮ್ಮ ತಪ್ಪೇ ಇರುವುದಿಲ್ಲ, ತಿದ್ದುವುದೇನನ್ನು? ಅಗಲವಾಗಿ ಮಾರ್ಜಿನ್ ಬಿಟ್ಟು ಬರೆಯಿರಿ, ಅನುಮಾನ ಇರುವ ಸಾಲಿನ ಪಕ್ಕ ಪ್ರಶ್ನಾರ್ಥಕ ಚಿಹ್ನೆ ಹಾಕಿ. ತಿದ್ದಿದ ಪ್ರತಿಯನ್ನು ಕೇಳಿ ಪಡೆಯಿರಿ.

ಪ್ರಶ್ನೆ: ಮಗಳ ಕೋರ್ಸಿನ ವಿಡಿಯೊಗಳೆಲ್ಲ ರೆಕಾರ್ಡ್ ಆಗಿವೆ. ಲೈವ್ ತರಗತಿ ತಪ್ಪಿಸಿದರೆ ನಷ್ಟವೇ?
– ಪೋಷಕರು, ಶಿಡ್ಲಘಟ್ಟ

ಉತ್ತರ: ಕೇಳುವುದಕ್ಕಷ್ಟೇ ಆದರೆ ನಷ್ಟವಿಲ್ಲ. ಆದರೆ ರೆಕಾರ್ಡಿಂಗ್ ತಿರುಗಿ ಪ್ರಶ್ನೆ ಕೇಳುವುದಿಲ್ಲ, ನೋಡಿದ್ದೆಲ್ಲ ತಿಳಿಯಿತು ಅನ್ನಿಸುತ್ತದೆ. ಹತ್ತು ನಿಮಿಷಕ್ಕೊಮ್ಮೆ ನಿಲ್ಲಿಸಿ, ನೋಡದೆ ಮೂರು ಸಾಲು ಬರೆಯಲಿ. ಎಲ್ಲಿ ಬರೆಯಲಾಗಲಿಲ್ಲವೋ ಆ ನಿಮಿಷವನ್ನು ಗುರುತು ಹಾಕಿಕೊಂಡು ಲೈವ್‌ನಲ್ಲಿ ಕೇಳಲಿ.

ಪ್ರಶ್ನೆ: ಹೈಸ್ಕೂಲಿನಲ್ಲಿ ಗಣಿತ ಹೇಳುತ್ತೇನೆ. ರಜೆಯಲ್ಲಿ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಆನ್‌ಲೈನ್ ಪಾಠ. ‘ಅರ್ಥ ಆಯ್ತಾ?’ ಎಂದರೆ ಎಲ್ಲರೂ ‘ಆಯ್ತು ಸಾರ್’. ಟೆಸ್ಟ್ ಕೊಟ್ಟರೆ ಅರ್ಧಕ್ಕರ್ಧ ತಪ್ಪು.
– ಶಿಕ್ಷಕರು, ಗುಬ್ಬಿ

ಉತ್ತರ: ‘ಅರ್ಥ ಆಯ್ತಾ’ ಎಂಬ ಪ್ರಶ್ನೆಯನ್ನೇ ಬಿಡಿ. ತರಗತಿಯಲ್ಲೂ ಅದಕ್ಕೆ ಬರುವ ಉತ್ತರ ‘ಆಯ್ತು’ ಎಂದೇ, ಆದರೆ ಅಲ್ಲಿ ಹಿಂದಿನ ಬೆಂಚಿನ ಮುಖ ನೋಡಿ ನಿಮಗೆ ನಿಜ ಗೊತ್ತಾಗುತ್ತಿತ್ತು. ಡೇಟಾ ಉಳಿಸಲು ಕ್ಯಾಮೆರಾ ಆರಿಸಿರುವ ಮಕ್ಕಳ ಮುಖ ಎಲ್ಲಿ ಕಾಣಬೇಕು?

ತಪ್ಪು ಎಲ್ಲಿದೆ ಎಂದು ಬಂದ ಉತ್ತರವೇ ಹೇಳುವಂಥ ಪ್ರಶ್ನೆ ಕೇಳಿ. ಸಮಾಂತರ ಶ್ರೇಢಿಯಲ್ಲಿ (ಪ್ರತಿ ಸಲ ಒಂದೇ ಸಂಖ್ಯೆ ಕೂಡುತ್ತಾ ಹೋಗುವ ಸಾಲು) 3, 7, 11… ಇದರ 10ನೇ ಪದ ಎಷ್ಟು? ಸರಿ ಉತ್ತರ 39: ಮೊದಲ ಪದ 3ಕ್ಕೆ 4ನ್ನು 9 ಸಲ ಕೂಡಿಸಬೇಕು. 43 ಎಂದವರು 4ನ್ನು 9ರ ಬದಲು 10ರಿಂದ ಗುಣಿಸಿದ್ದಾರೆ. 40 ಎಂದವರು ಮೊದಲ ಪದವನ್ನೇ ಬಿಟ್ಟು 4ನ್ನು 10ರಿಂದ ಗುಣಿಸಿದ್ದಾರೆ.

ಉತ್ತರವನ್ನು ಚಾಟ್‌ನಲ್ಲಿ ಟೈಪ್ ಮಾಡಿಟ್ಟುಕೊಂಡು ನೀವು ‘ಈಗ’ ಎಂದಾಗ ಎಲ್ಲರೂ ಒಟ್ಟಿಗೆ ಕಳಿಸಲಿ. ಇಲ್ಲದಿದ್ದರೆ ಜಾಣ ಹುಡುಗಿಯೊಬ್ಬಳ 39 ಕಂಡದ್ದೇ ತಡ, ಎಲ್ಲರದ್ದೂ 39. ಕಾಯುವ ಹೊತ್ತೂ ಮುಖ್ಯ. ಶಿಕ್ಷಕರು ಪ್ರಶ್ನೆ ಕೇಳಿ ಸಾಮಾನ್ಯವಾಗಿ ಒಂದೇ ಸೆಕೆಂಡ್ ಕಾಯುತ್ತಾರೆ, ಮೂರು ಸೆಕೆಂಡ್ ಕಾದರೆ ಉತ್ತರಗಳು ಉದ್ದವಾಗುತ್ತವೆ, ಉತ್ತರಿಸುವವರೂ ಹೆಚ್ಚುತ್ತಾರೆ ಎಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದರು. ಅದು ಎದುರಾಬದುರು ಕೂತ ತರಗತಿಯ ಮಾತು. ಮೊಬೈಲಿನಲ್ಲಿ ಮ್ಯೂಟ್ ತೆಗೆಯುವುದಕ್ಕೇ ಮೂರು ಸೆಕೆಂಡ್ ಬೇಕು, ನೆಟ್‌ವರ್ಕ್ ತಡಬಡಾಯಿಸಿದರೆ ಇನ್ನೆರಡು. ಹತ್ತು ಸೆಕೆಂಡ್ ಸುಮ್ಮನಿರಿ, ಗಣಿತದ ಪ್ರಶ್ನೆಗಾದರೆ ಒಂದು ನಿಮಿಷ. ಆ ಮೌನ ನಿಮಗೇ ಹಿಂಸೆಯಾಗಿ ಉತ್ತರ ಹೇಳಿಬಿಡಬೇಡಿ.

ಆಮೇಲೆ 39 ಬಂದವರನ್ನು ಕಳಿಸಿ, 43 ಮತ್ತು 40 ಬಂದವರನ್ನು ಹತ್ತು ನಿಮಿಷ ಉಳಿಸಿಕೊಳ್ಳಿ. ‘ಎರಡನೇ ಪದಕ್ಕೆ 4ನ್ನು ಎಷ್ಟು ಸಲ ಕೂಡಿಸಿದಿರಿ, ಮೂರನೆಯದಕ್ಕೆ ಎಷ್ಟು ಸಲ?’ ಎಂದು ಕೇಳುತ್ತಾ ಹೋಗಿ.